ಬಾಟಲಿ ಕುಲುಕಿದ ಆಟಿ ತಿಂಗಳು

ಮೊಮ್ಮಗಳಿಗೆ ಜ್ವರ ಬಂದಿತ್ತು. ಮಗಳು ತಿರುವನಂತಪುರದ ಉಳ್ಳೂರ್ ಜಂಕ್ಷನ್ನಿನ ಮದ್ದಿನ ಅಂಗಡಿಯಿಂದ ಒಂದು ಬಾಟಲಿ ತಂದಳು. ಒಳಗೆ ಬರೀ ಪುಡಿ. ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಬೇಕು. ಅವಳಿಗೆ ಆಫೀಸಿಗೆ ಹೊತ್ತಾಗಿತ್ತು, ಬಾಟಲಿ ನನ್ನ ಕೈಗೆ ಬಂತು. ನೀರು ಹಾಕಿ ನಾಲ್ಕು ಸಲ ಕುಲುಕುವಷ್ಟರಲ್ಲಿ ಪುಡಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಕಿಟಕಿಯ ಬೆಳಕಿಗೆ ಹಿಡಿದು ತಳದಲ್ಲಿ ಪುಡಿ ಉಳಿದಿದೆಯೋ ನೋಡಿದೆ. ಮತ್ತೆ ಕುಲುಕಿದೆ. ಮತ್ತೆ ನೋಡಿದೆ.

“ಮದಿ ಅಮ್ಮಮ್ಮೇ” ಅಂದಳು ಮೊಮ್ಮಗಳು. ಸಾಕು ಅಂತ. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಲಯಾಳ. ಸಾಕಾಗಿದೆ ಅಂತ ನನಗೂ ಗೊತ್ತಿತ್ತು. ಕೈ ನಿಲ್ಲಲಿಲ್ಲ.

ಈ ಕೈ ಹೀಗೆ ಕುಲುಕಿದ್ದು ಮೂರು ವರ್ಷದ ಹಿಂದಿನ ಆಟಿ ತಿಂಗಳಲ್ಲಿ, ಕೊಚ್ಚಿಯಲ್ಲಿ. ಇಲ್ಲಿಯವರು ಅದನ್ನು ಕರ್ಕಡಗಂ ಅನ್ನುತ್ತಾರೆ. ಹೆಸರು ಯಾವುದಾದರೂ ಮಳೆ ಒಂದೇ.

ನಾನು ಕಾಸರಗೋಡಿನವಳು. ಕನ್ನಡ ಶಾಲೆಯಲ್ಲಿ ಮೂರನೆಯ ಕ್ಲಾಸಿನವರೆಗೆ ಕೂತವಳು. ಗಂಡ ಸತ್ತ ಮೇಲೆ ಕೊಚ್ಚಿಗೆ ಬಂದು, ಪಾಲಾರಿವಟ್ಟಂ ಹತ್ತಿರದ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ನೆಲ ಒರೆಸುವುದು, ರಕ್ತದ ಬಟ್ಟೆ ಎತ್ತುವುದು, ಟ್ರಾಲಿ ತಳ್ಳುವುದು, ರೋಗಿಗೆ ಎಚ್ಚರ ತಪ್ಪುವ ಮತ್ತು ಕೊಡುವ ಯಂತ್ರದ ಡಬ್ಬಿಗೆ ಬಿಳಿ ಸುಣ್ಣದ ಹರಳು ತುಂಬುವುದು. ನನಗೊಂದು ಹೆಸರಿದ್ದರೂ ಅಲ್ಲಿ ಎಲ್ಲರಿಗೂ ನಾನು ಕನ್ನಡ ಚೇಚಿ, ಅಂದರೆ ಕನ್ನಡದ ಅಕ್ಕ. ಕನ್ನಡದ ರೋಗಿ ಬಂದರೆ ನನ್ನನ್ನು ಕರೆಯುತ್ತಿದ್ದರು. ಡಾಕ್ಟರು ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಬೇಕು, ರೋಗಿ ಹೇಳಿದ್ದನ್ನು ಮಲಯಾಳದಲ್ಲಿ ಹೇಳಬೇಕು. ಅದಕ್ಕೆ ಬೇರೆ ಸಂಬಳ ಇರಲಿಲ್ಲ. ಗರ್ವ ಇತ್ತು.

ಆ ಆಟಿಯಲ್ಲಿ ಸವಿತಾ ಎಂಬ ಹುಡುಗಿ ಬಂದಳು. ಹಾವೇರಿ ಕಡೆಯ ಹಳ್ಳಿಯವಳು, ಇಪ್ಪತ್ತೊಂದು ವರ್ಷ. ಹಡಗಿನಲ್ಲಿ ಸಾಮಾನು ಕಳಿಸುವುದಕ್ಕೂ ಒಂದು ಓದು ಇದೆಯಂತೆ, ಅದನ್ನು ಓದಲಿಕ್ಕೆ ಕೊಚ್ಚಿಗೆ ಬಂದಿದ್ದಳು. ಗಂಟಲಿನ ಟಾನ್ಸಿಲ್ ಮೇಲಿಂದ ಮೇಲೆ ಬಾತು ಪರೀಕ್ಷೆಗಳೆಲ್ಲ ತಪ್ಪಿ, ತೆಗೆಸಿಬಿಡುವುದು ಅಂತ ಆಯಿತು. ತಾಯಿ ನೀಲವ್ವ ರೊಟ್ಟಿಗಂಟು ಕಟ್ಟಿಕೊಂಡು ರೈಲು ಹತ್ತಿ ಬಂದಿದ್ದಳು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಮಲಯಾಳದ ಒಂದು ಅಕ್ಷರ ಬಾರದು.

ಆಪರೇಷನ್ನಿನ ಹಿಂದಿನ ದಿನ, ರೋಗಿಗಳಿಗೆ ಮತ್ತು ಕೊಡುವ ಡಾಕ್ಟರು ಬೀನಾ ಮೇಡಂ ಹುಡುಗಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಫಾರಂ ತುಂಬಿದರು. ಅಷ್ಟರಲ್ಲಿ ಹೆರಿಗೆಯ ಆಪರೇಷನ್ ಒಂದಕ್ಕೆ ಕರೆ ಬಂತು.

“ಚೇಚಿ, ತಾಯಿಯ ಹತ್ತಿರ ನೀವು ಎಲ್ಲ ಒಮ್ಮೆ ಕೇಳಿಬಿಡಿ” ಅಂದರು ಹೊರಡುತ್ತಾ. “ಮನೆತನದ ಸಂಗತಿ ಮಕ್ಕಳಿಗೆ ಗೊತ್ತಿರುವುದಿಲ್ಲ. ಪ್ರಶ್ನೆಗಳು ನಿಮಗೆ ಬಾಯಿಪಾಠ ಅಲ್ಲವಾ.”

ಬಾಯಿಪಾಠವೇ. ನಾನು ಮಂಚದ ಬದಿಗೆ ನಿಂತು ಶುರು ಮಾಡಿದೆ. “ಮಗಳ ಹಲ್ಲು ಯಾವುದಾದರೂ ಅಲ್ಲಾಡ್ತದಾ?”

“ಹಲ್ಲು ಗಟ್ಟಿ ಅದಾವ್ರಿ. ಕಬ್ಬು ಸಿಗಿದು ತಿಂತಾಳ.”

“ದಮ್ಮು ಉಂಟಾ? ಮದ್ದು ಆಗದೆ ಮೈ ತುರಿಸಿದ್ದು?”

“ಇಲ್ರಿ ಅಕ್ಕಾರ. ಗಂಡಿನ ಕಡೆಯೋರು ಕೇಳಿದಂಗ ಕೇಳಾಕತ್ತೀರಲ್ಲ” ಅಂತ ನಕ್ಕಳು. ಹುಡುಗಿಯೂ ನಕ್ಕು ಗಂಟಲು ನೋವಿಗೆ ಮುಖ ಹಿಂಡಿದಳು.

ಕೊನೆಯದು ಒಂದು ಪ್ರಶ್ನೆ ಇತ್ತು. ನಿಮ್ಮ ರಕ್ತಸಂಬಂಧದಲ್ಲಿ ಯಾರಿಗಾದರೂ ಮತ್ತು ಕೊಟ್ಟಾಗ ತೊಂದರೆಯಾಗಿತ್ತಾ, ಯಾರಾದರೂ ಸತ್ತಿದ್ದಾರಾ ಅಂತ. ಅದನ್ನು ನಾನು ಕೇಳಲಿಲ್ಲ. ಮರೆತದ್ದಲ್ಲ. ಬಹಳ ವರ್ಷದ ಹಿಂದೆ ಒಬ್ಬ ತಾಯಿಯ ಹತ್ತಿರ ಅದನ್ನು ಕೇಳಿದ್ದೆ. ಅವಳು ಎದ್ದು ನಿಂತು, ನಾಳೆ ಟೇಬಲ್ ಮೇಲೆ ಮಲಗುವವನ ಎದುರು ಇಂದು ಹೆಣದ ಮಾತು ಎತ್ತಿದಿರಲ್ಲಾ, ಶಕುನ ಕೆಟ್ಟಿತು ಅಂತ ಮಗನನ್ನು ಎಬ್ಬಿಸಿಕೊಂಡು ಊರಿಗೆ ಹೋದಳು. ಅವಳು ಹೇಳಿದ್ದರಲ್ಲಿ ತಪ್ಪು ನನಗೂ ಕಾಣಲಿಲ್ಲ. ನಮ್ಮ ಮನೆಯಲ್ಲೂ ಹೊರಟವರ ಎದುರು ಸತ್ತವರ ಹೆಸರು ಹೇಳುತ್ತಿರಲಿಲ್ಲ, ಅಶುಭ ಅನ್ನುವ ಆಟಿಯಲ್ಲಂತೂ ಇಲ್ಲವೇ ಇಲ್ಲ. ಅಂದಿನಿಂದ ಕನ್ನಡದವರ ಹತ್ತಿರ ನಾನು ಆ ಒಂದನ್ನು ಬಿಟ್ಟು ಉಳಿದದ್ದು ಕೇಳುತ್ತಿದ್ದೆ. ಹತ್ತು ಹನ್ನೆರಡು ಮಂದಿಯಲ್ಲಿ ಬಿಟ್ಟಿರಬಹುದು. ಯಾರಿಗೂ ಏನೂ ಆಗಿರಲಿಲ್ಲ.

ಬೀನಾ ಮೇಡಂ ಹೊರಗೆ ಬಂದಾಗ ಹೇಳಿದೆ, “ಎಲ್ಲ ಕೇಳಿದೆ. ಒಂದೂ ಇಲ್ಲ.” ಅವರು ಟಿಕ್ ಹಾಕಿ ಸಹಿ ಮಾಡಿದರು.

ಮರುದಿನ ಬೆಳಿಗ್ಗೆ ಮೊದಲ ಕೇಸು ಅವಳದ್ದೇ. ಟ್ರಾಲಿ ತಳ್ಳಿದ್ದು ನಾನು. “ಅಜ್ಜಿ, ಎಷ್ಟೊತ್ತು ಹಿಡೀತೈತಿ?” ಅಂತ ಕೇಳಿದಳು. ನೀನು ಎದ್ದಾಗ ಐಸ್‌ಕ್ರೀಮ್ ಕೊಡುತ್ತಾರೆ, ಅಷ್ಟು ಹೊತ್ತು ಅಂದೆ.

ಹುಡುಗಿಗೆ ಮತ್ತು ಕೊಟ್ಟರು. ಉಸಿರಿನ ಕೊಳವೆ ಹಾಕಲಿಕ್ಕೆ ಬಾಯಿ ಬಿಡಿಸಿದರೆ ದವಡೆ ಬಿಡಲಿಲ್ಲ. ಸಿಟ್ಟಿನಲ್ಲಿ ಹಲ್ಲು ಕಚ್ಚಿದವರ ಹಾಗೆ ಇತ್ತು. ಬೀನಾ ಮೇಡಂ ಸ್ವಲ್ಪ ಕಾದು ಹೇಗೋ ಹಾಕಿದರು. ಗಂಟಲಿನ ಡಾಕ್ಟರು ದೀಪ ಸರಿಮಾಡಿ ಕೂತರು. ಆಮೇಲೆ ಯಂತ್ರ ಕೂಗಲು ಹಿಡಿಯಿತು. ಅಂಥ ಕೂಗು ನಾನು ದಿನಾ ಕೇಳುವುದು. ಆದರೆ ಬೀನಾ ಮೇಡಂ ಮಾತು ನಿಲ್ಲಿಸಿ ನಂಬರುಗಳನ್ನೇ ನೋಡುತ್ತಿದ್ದರು. ನನ್ನ ಕಣ್ಣು ಸುಣ್ಣದ ಡಬ್ಬಿಯ ಮೇಲೆ ಬಿತ್ತು. ಬೆಳಿಗ್ಗೆ ನಾನೇ ತುಂಬಿದ ಬಿಳಿ ಹರಳು ಆಗಲೇ ನೇರಳೆ ಆಗಿತ್ತು. ರೋಗಿ ಬಿಟ್ಟ ಕೆಟ್ಟ ಗಾಳಿಯನ್ನು ಹೀರಿ ಹೀರಿ ಸಂಜೆಗೆ ಆಗಬೇಕಾದ ಬಣ್ಣ ಅದು. ಮುಟ್ಟಿದೆ. ಅನ್ನದ ಚರಿಗೆಯ ಹಾಗೆ ಸುಡುತ್ತಿತ್ತು.

“ಮೇಡಂ, ಡಬ್ಬಿ ಸುಡ್ತಾ ಉಂಟು” ಅಂದೆ.

ಅವರು ಡಬ್ಬಿ ಮುಟ್ಟಿದರು, ಹುಡುಗಿಯ ತೋಳು ಮುಟ್ಟಿದರು. ತೋಳು ಕೊರಡಾಗಿತ್ತು. ಮತ್ತಿನ ಗಾಳಿ ನಿಲ್ಲಿಸಿದರು, ಕೊಳವೆಗಳನ್ನು ಕಿತ್ತು ಹೊಸದು ಹಾಕಿಸಿದರು, ಗಂಟಲಿನ ಡಾಕ್ಟರಿಗೆ ಕತ್ತರಿ ಕೆಳಗಿಡಿ ಅಂದರು. ಆಮೇಲೆ ಒಂದು ಮದ್ದಿನ ಹೆಸರು ಹೇಳಿದರು. ಡಾಂಟ್ರೋಲೀನ್. ಅಷ್ಟು ವರ್ಷದಲ್ಲಿ ಆ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ.

ಥಿಯೇಟರಿನ ನರ್ಸ್ ಲಿಸಿ ಸಿಸ್ಟರ್ ಬೀಗದ ಕಪಾಟಿನಿಂದ ಒಂದು ಪೆಟ್ಟಿಗೆ ತಂದರು. ನಾಲ್ಕು ಬಾಟಲಿ ಇತ್ತು.

“ಏಳು ಬೇಕು” ಅಂದರು ಬೀನಾ ಮೇಡಂ. “ಮೊದಲ ಸಲಕ್ಕೇ ಏಳು ಬೇಕು. ಆಮೇಲೆ ಎಷ್ಟೋ.”

ನಾಲ್ಕು ಅಂದರೆ ನಾಲ್ಕು. “ಕೈ ಇದ್ದವರೆಲ್ಲ ಬನ್ನಿ” ಅಂದರು.

ಆ ಮದ್ದು ಕೆಟ್ಟ ಹಟದ್ದು. ಉಳಿದ ಮದ್ದುಗಳ ಹಾಗೆ ಸೂಜಿಗೆ ಎಳೆದು ಚುಚ್ಚಲಿಕ್ಕೆ ಬರುವುದಿಲ್ಲ. ಒಣ ಪುಡಿ. ಒಂದೊಂದಕ್ಕೂ ಅರವತ್ತು ಮಿಲಿ ನೀರು, ಅದೂ ಉಪ್ಪಿಲ್ಲದ ಸಕ್ಕರೆಯಿಲ್ಲದ ಇಂಜೆಕ್ಷನ್ ನೀರೇ ಆಗಬೇಕು. ನಮ್ಮಲ್ಲಿ ಆ ನೀರು ಹತ್ತು ಹತ್ತು ಮಿಲಿಯ ಪ್ಲಾಸ್ಟಿಕ್ ಕುಪ್ಪಿಯಲ್ಲಿ. ಬಾಟಲಿಗೆ ಆರು, ನಾಲ್ಕಕ್ಕೆ ಇಪ್ಪತ್ತನಾಲ್ಕು. ನಾನು ಕುಪ್ಪಿಗಳ ಕುತ್ತಿಗೆ ತಿರುಚಿ ತಿರುಚಿ ಕೊಟ್ಟೆ, ಲಿಸಿ ಸಿಸ್ಟರ್ ಎಳೆದು ಒಳಗೆ ಬಿಟ್ಟರು. ಮತ್ತೆ ಕುಲುಕು. ಒಂದು ಲಿಸಿ ಸಿಸ್ಟರ್ ಕೈಲಿ, ಒಂದು ಟೆಕ್ನಿಷಿಯನ್ ಕೈಲಿ, ಒಂದು ಗಂಟಲಿನ ಡಾಕ್ಟರ ಕೈಲಿ, ಒಂದು ನನ್ನ ಕೈಲಿ. ನಾಲ್ವರೂ ನಿಂತು ಕುಲುಕಿದೆವು. ಪಕ್ಕದಲ್ಲಿ ಹುಡುಗಿ ಬೇಯುತ್ತಿದ್ದಳು.

“ಆಯ್ತಾ?” ಬೀನಾ ಮೇಡಂ ಕೇಳಿದರು.

ನಾನು ದೀಪಕ್ಕೆ ಹಿಡಿದೆ. ಅರಿಶಿನ ಕಲಸಿದ ನೀರಿನಂತೆ ಕಂಡಿತು, ಒಳಗೆ ರವೆಯಂಥ ಕಣ ಓಡಾಡುತ್ತಿತ್ತು. “ಇಲ್ಲ” ಅಂದೆ.

“ಕಣ ಇದ್ದರೆ ನರಕ್ಕೆ ಕೊಡುವ ಹಾಗಿಲ್ಲ. ಕುಲುಕಿ.”

ನನ್ನ ಬೆರಳಿನ ಗಂಟುಗಳು ಮಳೆಗಾಲದಲ್ಲಿ ಬಾಯುತ್ತವೆ. ಅದು ಆಗ ನೆನಪಾಗಲಿಲ್ಲ. ನೆನಪಾದದ್ದು ಆ ಒಂದು ಪ್ರಶ್ನೆ. ಇದೇನು ಕಾಯಿಲೆ ಅಂತ ನನಗೆ ಗೊತ್ತಿರಲಿಲ್ಲ, ಆದರೆ ಮತ್ತು ಕೊಟ್ಟದ್ದರಿಂದ ಆದದ್ದು ಅಂತ ಕಣ್ಣೆದುರೇ ಇತ್ತು. ಇನ್ನೂ ಜೋರಾಗಿ ಕುಲುಕಿದೆ.

ತಿಳಿಯಾದ ಬಾಟಲಿಗಳನ್ನು ಬೀನಾ ಮೇಡಂ ದೊಡ್ಡ ಸಿರಿಂಜಿನಲ್ಲಿ ಎಳೆದು ತಾವೇ ನರಕ್ಕೆ ನೂಕಿದರು. ಒಂದಾದ ಮೇಲೆ ಒಂದು. ನನ್ನದು ಕೊನೆಯದ್ದು. ಕೊಟ್ಟು ಮುಗಿದ ಮೇಲೆ ಬಿಗಿದ ತೋಳು ಸ್ವಲ್ಪ ಸಡಿಲಾಯಿತು, ಎದೆಬಡಿತ ಸ್ವಲ್ಪ ಇಳಿಯಿತು. ಜ್ವರ ಇಳಿಯಲಿಲ್ಲ.

ಐಸು ಬೇಕಾಯಿತು. ಆಸ್ಪತ್ರೆಯದ್ದು ಹತ್ತು ನಿಮಿಷಕ್ಕೆ ಮುಗಿಯಿತು. ನಾನು ಗೇಟು ದಾಟಿ ಎದುರಿನ ಮೀನಂಗಡಿಗೆ ಓಡಿದೆ. ಅಂಗಡಿಯವನು ಮತ್ತಿ ಮೀನಿನ ಪೆಟ್ಟಿಗೆಯನ್ನೇ ಮಗುಚಿ ಐಸು ಗೋಣಿಗೆ ತುಂಬಿಸಿ, ತಾನೇ ಹೊತ್ತು ತಂದ. ಮಳೆಗೆ ಇಬ್ಬರೂ ತೊಯ್ದಿದ್ದೆವು.

“ಮೀನಿನ ಐಸಾ, ಥಿಯೇಟರಿಗಾ?” ಲಿಸಿ ಸಿಸ್ಟರ್ ಬಾಗಿಲಲ್ಲೇ ತಡೆದರು.

“ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ ತನ್ನಿ” ಅಂದರು ಬೀನಾ ಮೇಡಂ ಒಳಗಿನಿಂದ. “ತಣ್ಣಗಿದ್ದರೆ ಸಾಕು.”

ಕಂಕುಳಿಗೆ, ತೊಡೆಸಂದಿಗೆ ಇಟ್ಟರು. ಥಿಯೇಟರಿನಲ್ಲಿ ಮತ್ತಿ ಮೀನಿನ ವಾಸನೆ. ಯಾರೂ ಮೂಗು ಮುಚ್ಚಲಿಲ್ಲ.

ಅಷ್ಟರಲ್ಲಿ ಫೋನು ಮಾಡಿ ಮಾಡಿ ಮದ್ದು ಸಿಕ್ಕಿತ್ತು. ಹತ್ತಿರದವರ ಬಳಿ ಇರಲಿಲ್ಲ. ತಿರುವನಂತಪುರದಲ್ಲಿ, ಉಳ್ಳೂರ್ ಬಳಿಯ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ಬಾಟಲಿ ಇತ್ತು. ಆಂಬ್ಯುಲೆನ್ಸಿನಲ್ಲಿ ಹಾಕಿ ಕಳಿಸುತ್ತೇವೆ ಅಂದರು. ಆ ಪೆಟ್ಟಿಗೆ ಹೊರಟ ಗೇಟು ನಾನು ಈಗ ಕೂತಿರುವ ಮನೆಯಿಂದ ಕಾಣುತ್ತದೆ.

“ಚೇಚಿ, ತಾಯಿಗೆ ಹೇಳಿ” ಅಂದರು ಬೀನಾ ಮೇಡಂ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ನಿನ್ನೆ ಮನೆತನದ್ದು ಕೇಳಿದಿರಲ್ಲಾ?”

“ಕೇಳಿದೆ” ಅಂದೆ. ಅದು ಎರಡನೆಯ ಸುಳ್ಳು.

ನೀಲವ್ವ ಬಾಗಿಲ ಹೊರಗಿನ ಬೆಂಚಿನ ಮೇಲೆ ರೊಟ್ಟಿಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಸೀರೆ ತೊಯ್ದದ್ದು ನೋಡಿ, “ಮಳಿ ಭಾಳ ಐತೇನ್ರಿ?” ಅಂದಳು. ನಾನು ಪಕ್ಕ ಕೂತೆ.

“ಮತ್ತು ಕೊಟ್ಟ ಮೇಲೆ ಹುಡುಗಿಗೆ ಮೈ ಸುಡ್ತಾ ಉಂಟು. ಇದ್ದ ಮದ್ದು ಹಾಕಿ ಆಯ್ತು, ಸಾಲುವುದಿಲ್ಲ. ತಿರುವನಂತಪುರದಿಂದ ಬರಬೇಕು.”

“ಅದೆಷ್ಟು ದೂರ? ಧಾರವಾಡಕ್ಕ ಹೋಗಿ ಬಂದಷ್ಟು ಐತೇನ್ರಿ?”

“ನನಗೆ ಧಾರವಾಡ ಗೊತ್ತಿಲ್ಲ. ನಾಲ್ಕು ಗಂಟೆಯ ದಾರಿ.”

ಅವಳು ಗಂಟಿನ ತುದಿಯನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. ಆಗ ನಾನು ಕೇಳಿದೆ. “ನೀಲವ್ವ, ನಿಮ್ಮ ಮನೆಯಲ್ಲಿ ಆಪರೇಷನ್‌ಗೆ ಅಂತ ಒಳಗೆ ಹೋಗಿ ಸತ್ತವರು ಇದ್ದಾರಾ?”

ಅವಳು ಗಂಟನ್ನು ಪಕ್ಕಕ್ಕೆ ಇಟ್ಟಳು. “ನಮ್ಮಣ್ಣ” ಅಂದಳು. “ಹರ್ನಿಯಾ ಅಂತ ಒಯ್ದಿದ್ರು. ನಾ ಆವಾಗ ಸಣ್ಣಾಕಿ. ಹೊರಗ ತಂದಾಗ ಕಟಿಗಿ ಆಗಿದ್ದ. ಮುಟ್ಟಿದ್ರ ಕಾದ ಹಂಚು. ಹೆಣ ತಣ್ಣಗಿರಬೇಕಲ್ರಿ? ಸುಡುಗಾಡಿಗೆ ಒಯ್ಯೂತನಾ ಬಿಸಿ ಇದ್ದ ಅಂತ ನಮ್ಮವ್ವ ಸಾಯೂತನಾ ಹೇಳ್ತಿದ್ಲು.” ಆಮೇಲೆ ನನ್ನ ಮುಖ ನೋಡಿದಳು. “ಯಾಕ ಕೇಳಿದ್ರಿ?”

“ಫಾರಮ್ಮಿಗೆ” ಅಂದೆ.

ಆ ನಾಲ್ಕು ಗಂಟೆ ಹೇಗೆ ಹೋಯಿತು ಅಂತ ಹೇಳಲಿಕ್ಕೆ ನನಗೆ ಬರುವುದಿಲ್ಲ. ಮಾಡಲಿಕ್ಕೆ ಏನೂ ಇರಲಿಲ್ಲ. ಐಸು ಕರಗಿದರೆ ಚೀಲ ಬದಲಿಸಿದೆ. ನೆಲದ ನೀರು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ಕೊಳವೆಯಲ್ಲಿ ಬಂದ ಮೂತ್ರ ಕಟ್ಟನ್ ಚಾಯದ ಹಾಗೆ, ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು. ಬಿಗಿದ ಮಾಂಸ ಒಡೆದು ರಕ್ತಕ್ಕೆ ಇಳಿಯುತ್ತಿದೆ, ಕಿಡ್ನಿ ಕಟ್ಟಿಕೊಳ್ಳಬಹುದು ಅಂತ ಮಾತಾಡಿಕೊಂಡರು. ಜ್ವರ ಒಂದಿಷ್ಟು ಇಳಿಯಿತು, ಮತ್ತೆ ಏರಿತು. ತೋಳು ಮತ್ತೆ ಬಿಗಿಯಲು ಹಿಡಿಯಿತು. ಬೀನಾ ಮೇಡಂ ಗಡಿಯಾರ ನೋಡುವುದನ್ನೂ ಬಿಟ್ಟರು.

ಆಂಬ್ಯುಲೆನ್ಸ್ ಎಲ್ಲಿ ಬಂತು ಅಂತ ಟೆಕ್ನಿಷಿಯನ್ ಮೊಬೈಲಿನಲ್ಲಿ ನೋಡಿ ಹೇಳುತ್ತಿದ್ದ. ಕೊಲ್ಲಂ ದಾಟಿತು. ಹರಿಪ್ಪಾಡ್ ಹತ್ತಿರ ರಸ್ತೆ ಅಗೆದಲ್ಲಿ ನೀರು ನಿಂತಿದೆ. ಈ ರಾಜ್ಯದಲ್ಲಿ ಒಂದು ಪದ್ಧತಿ ಇದೆ. ಆಂಬ್ಯುಲೆನ್ಸ್ ದೂರದಿಂದ ಬರುತ್ತಿದೆ ಅಂತ ಫೋನಿನಲ್ಲಿ ಸುದ್ದಿ ಹರಡಿದರೆ ಜಂಕ್ಷನ್ ಜಂಕ್ಷನ್ನಿಗೆ ಜನ ಇಳಿದು ದಾರಿ ಬಿಡಿಸುತ್ತಾರೆ. ಆ ದಿನವೂ ಲುಂಗಿ ಕಟ್ಟಿಕೊಂಡು ಮಳೆಯಲ್ಲಿ ನಿಂತು ಬಸ್ಸು ಲಾರಿ ತಡೆದರಂತೆ. ಒಳಗೆ ಮಗು ಇದೆ, ಹೃದಯದ ಕೇಸು ಅಂತ ಅವರಿಗೆ ಅವರೇ ಹೇಳಿಕೊಂಡರಂತೆ. ನಮ್ಮ ಗೇಟಿಗೆ ಬಂದಾಗ ಸೆಕ್ಯುರಿಟಿಯವರು ಸ್ಟ್ರೆಚರ್ ಎಳೆದುಕೊಂಡು ಓಡಿದರು. ಹಿಂಬಾಗಿಲು ತೆರೆದರೆ ರೋಗಿ ಇಲ್ಲ. ಸೀಟಿಗೆ ಬೆಲ್ಟು ಬಿಗಿದ ಒಂದು ರಟ್ಟಿನ ಪೆಟ್ಟಿಗೆ.

ಮತ್ತೆ ಕುಪ್ಪಿ ತಿರುಚಿದೆವು. ಈ ಸಲ ನೀರನ್ನು ಬೆಚ್ಚಗೆ ಮಾಡಿ ಇಟ್ಟಿದ್ದರು, ಬೇಗ ಕರಗಲಿ ಅಂತ. ವಾರ್ಡಿನ ಸಿಸ್ಟರುಗಳು, ಕ್ಯಾಂಟೀನಿನ ಹೆಂಗಸು, ಎಲ್ಲರೂ ಕೈ ತೊಳೆದು ಸಾಲಾಗಿ ನಿಂತು ಕುಲುಕಿದರು. ನಾಲ್ಕನೆಯದ್ದು ಹೋಗುವಾಗ ತೋಳಿನ ಬಿಗಿ ಬಿಟ್ಟಿತು. ಆರನೆಯದ್ದಕ್ಕೆ ಜ್ವರ ಇಳಿಯಲು ಹಿಡಿಯಿತು. “ಮದಿ ಚೇಚಿ, ಸದ್ಯಕ್ಕೆ ಸಾಕು, ಉಳಿದದ್ದು ಮುಂದಕ್ಕೆ ಇರಲಿ” ಅಂತ ಲಿಸಿ ಸಿಸ್ಟರ್ ನನ್ನ ಕೈಯಿಂದ ಬಾಟಲಿ ಬಿಡಿಸಬೇಕಾಯಿತು.

ಸಂಜೆ ಕೈ ತೊಳೆಯುವ ತೊಟ್ಟಿಯ ಹತ್ತಿರ ಬೀನಾ ಮೇಡಂ ಒಬ್ಬರೇ ಇದ್ದರು. ನಾನು ಹೇಳಿದೆ. ಕೇಳಲಿಲ್ಲ, ಕೇಳಿದೆ ಅಂತ ಸುಳ್ಳು ಹೇಳಿದೆ, ತಾಯಿಯ ಅಣ್ಣ ಹೀಗೆಯೇ ಸತ್ತಿದ್ದಾನೆ. ಅವರು ನಲ್ಲಿ ನಿಲ್ಲಿಸಲಿಲ್ಲ.

“ಗೊತ್ತಿದ್ದರೆ ಈ ಗಾಳಿ ಕೊಡುತ್ತಲೇ ಇರಲಿಲ್ಲ. ಬೇರೆ ಮತ್ತು ಇದೆ. ಏನೂ ಆಗುತ್ತಿರಲಿಲ್ಲ” ಅಂದರು. ಆಮೇಲೆ ನಲ್ಲಿ ತಿರುಗಿಸಿ ನಿಲ್ಲಿಸಿ, “ಸಹಿ ನನ್ನದು, ಚೇಚಿ. ಕೇಳಬೇಕಾದವಳು ನಾನು” ಅಂದರು. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ನನ್ನನ್ನು ಪ್ರಶ್ನೆ ಕೇಳಲಿಕ್ಕೆ ಅವರು ಕಳಿಸಲಿಲ್ಲ.

ಸವಿತಾ ಮೂರು ದಿನ ಯಂತ್ರದಲ್ಲಿ ಉಸಿರಾಡಿದಳು. ಕಿಡ್ನಿ ಉಳಿಯಿತು. ಕಾಲಿಗೆ ಬಲ ಬರಲು ತಿಂಗಳು ಹಿಡಿಯಿತು. ಬಿಡುಗಡೆಯ ದಿನ ಬೀನಾ ಮೇಡಂ ತಾಯಿಗೊಂದು ಮಗಳಿಗೊಂದು ಕಾರ್ಡು ಕೊಟ್ಟು, ಕೊನೆಯ ಸಲಕ್ಕೆ ನನ್ನ ಬಾಯಿಂದ ಹೇಳಿಸಿದರು. ಇದು ರಕ್ತದಲ್ಲಿ ಬರುವುದು, ಊಟಕ್ಕೆ ಕೆಲಸಕ್ಕೆ ಹೆರಿಗೆಗೆ ಅಡ್ಡಿ ಮಾಡುವುದಿಲ್ಲ, ಮತ್ತಿನ ಗಾಳಿಗೆ ಮಾತ್ರ ಏಳುತ್ತದೆ. ಅಣ್ಣನಲ್ಲೂ ಮಗಳಲ್ಲೂ ಬಂದಿದೆ ಅಂದಮೇಲೆ ನೀಲವ್ವನಲ್ಲೂ ಇದೆ. ಯಾವ ಆಪರೇಷನ್ ಆದರೂ ಮೊದಲು ಈ ಕಾರ್ಡು ತೋರಿಸಬೇಕು. ನೀಲವ್ವ ಎಲ್ಲಕ್ಕೂ ಹೂಂ ಅಂದಳು. ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದಳು. ಅಜ್ಜಿ ನಿಂತು ಬಾಟಲಿ ಕುಲುಕಿದ್ದಳು ಅಂತ ಸಿಸ್ಟರುಗಳು ಮಗಳಿಗೆ ಹೇಳಿದ್ದರಂತೆ.

“ನಿಮ್ಮ ಕೈ ನನ್ನ ಮಗಳನ್ನ ಉಳಿಸ್ತು ಅಕ್ಕಾರ.”

ನಾನು ಅವಳ ಗಂಟು ಎತ್ತಿ ಕೈಗೆ ಕೊಟ್ಟೆ. ಮರುವರ್ಷ ಕೆಲಸ ಬಿಟ್ಟು ಮಗಳ ಮನೆಗೆ, ತಿರುವನಂತಪುರಕ್ಕೆ ಬಂದೆ. ನಾಗರಪಂಚಮಿಗೆ ನೀಲವ್ವನಿಂದ ಶೇಂಗಾ ಉಂಡಿಯ ಪಾರ್ಸೆಲ್ ಬರುತ್ತಿತ್ತು. ತಿನ್ನುತ್ತಿದ್ದೆ. ರುಚಿಯಾಗಿಯೇ ಇತ್ತು.

ಈ ಆಟಿಯಲ್ಲಿ, ಮೊಮ್ಮಗಳ ಬಾಟಲಿ ಮುಗಿದ ಮೇಲೆ, ನೀಲವ್ವನ ಫೋನು ಬಂತು. ಗರ್ಭಕೋಶ ತೆಗೆಸುತ್ತಾಳಂತೆ, ಸೋಮವಾರ, ಊರಿನ ಹತ್ತಿರದ ಪೇಟೆಯಲ್ಲಿ.

“ಕಾರ್ಡು ತೋರಿಸಿದೆಯಾ?” ಅಂದೆ.

“ಇಲ್ರಿ. ಸವಿತಾಗ ಗಂಡು ಬಂದಾವ. ಗಂಡಿನ ತಂಗಿ ಅದೇ ದವಾಖಾನಿಯಾಗ ನರ್ಸ್ ಅದಾಳ. ರಕ್ತದಾಗ ರೋಗ ಐತಿ ಅಂತ ಗೊತ್ತಾದ್ರ ಮುಗೀತು. ಸವಿತಾಗೂ ಆಪರೇಶನ್ ಸುದ್ದಿ ಹೇಳಿಲ್ಲ. ಕಾರ್ಡು ಜಗಲಿ ಮ್ಯಾಲೆ ದೇವರ ಹಿಂದ ಇಟ್ಟೀನಿ. ದೇವರು ನೋಡ್ಕೋತಾನ.”

“ನಿಮ್ಮಣ್ಣನನ್ನು ನೋಡಿಕೊಂಡ ಹಾಗೆಯಾ?”

ಆಗ ಹೇಳಿದೆ. “ಕೇಳು ನೀಲವ್ವ. ಅವತ್ತು ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಕೇಳಲಿಕ್ಕೆ ಹೇಳಿದ್ದನ್ನು ನಾನು ನಿನ್ನ ಹತ್ತಿರ ಕೇಳಲಿಲ್ಲ. ಸಾವಿನ ಮಾತು ಎತ್ತಬಾರದು ಅಂತ ನುಂಗಿದೆ. ಕೇಳಿದ್ದರೆ ನಿನ್ನ ಮಗಳು ಬೇಯುತ್ತಿರಲಿಲ್ಲ. ನನ್ನ ಕೈ ಅವಳನ್ನು ಉಳಿಸಿದ್ದಲ್ಲ. ನನ್ನ ಬಾಯಿ ಅವಳನ್ನು ಮಲಗಿಸಿದ್ದು.”

ಫೋನಿನ ಆಚೆ ಕೋಳಿಯೊಂದು ಕೂಗುತ್ತಿತ್ತು. ಅದು ನಿಂತ ಮೇಲೆ ನೀಲವ್ವ ಮೆಲ್ಲಗೆ ಅಂದಳು, “ನೀವು ಕೇಳಿದ್ರೂ ನಾ ಹೇಳ್ತಿದ್ದಿಲ್ಲ ಬಿಡ್ರಿ.”

ಮೂರು ವರ್ಷ ಹೊತ್ತದ್ದನ್ನು ಇಳಿಸಲಿಕ್ಕೂ ಆಗಲಿಲ್ಲ, ಹೊತ್ತುಕೊಳ್ಳಲಿಕ್ಕೂ ಆಗಲಿಲ್ಲ. ನಾನು ಸವಿತಾಗೆ ಹೇಳುತ್ತೇನೆ ಅಂದೆ. ಬೇಡ ಅಂದಳು, ಮಗಳ ಬಾಳು ಕೆಡಿಸಬೇಡಿ ಅಂತ ಅತ್ತಳು. ಆ ಫೋನಿಟ್ಟು ಸವಿತಾಗೆ ಮಾಡಿದೆ. ಅವಳು ಈಗ ಕೊಚ್ಚಿಯಲ್ಲೇ ಕೆಲಸದಲ್ಲಿದ್ದಾಳೆ. ಎಲ್ಲ ಕೇಳಿ, “ಯಾವ ದವಾಖಾನಿ?” ಅಂತ ಒಂದೇ ಮಾತು ಕೇಳಿದಳು. ಹೆಸರು ನನಗೆ ಗೊತ್ತಿರಲಿಲ್ಲ, ಗಂಡಿನ ತಂಗಿ ನರ್ಸ್ ಆಗಿರುವಲ್ಲಿ ಅಂದೆ. ಅವಳು ರೈಲು ಹತ್ತಿದಳು.

ಸೋಮವಾರ ಕಳೆಯಿತು. ಮಂಗಳವಾರವೂ. ಫೋನು ಮಾಡಿದರೆ ತಾಯಿಯೂ ತೆಗೆಯಲಿಲ್ಲ, ಮಗಳೂ ತೆಗೆಯಲಿಲ್ಲ. ಇಲ್ಲಿ ಕುಲುಕಲಿಕ್ಕೆ ಒಂದು ಬಾಟಲಿಯೂ ಇರಲಿಲ್ಲ.

ಬುಧವಾರ ನೀಲವ್ವನ ಫೋನು ಬಂತು. ಎತ್ತಿದ ಕೂಡಲೇ ಬೈಗುಳ. ಮಗಳು ಬಂದು ಎಲ್ಲರೆದುರು ಕಾರ್ಡು ಹಿಡಿದಳಂತೆ. ಡಾಕ್ಟರು ಹೆದರಿ, ಗಾಳಿ ಬೇಡ ಅಂತ ಬೆನ್ನಿಗೆ ಸೂಜಿ ಕೊಟ್ಟು ಆಪರೇಷನ್ ಮಾಡಿದರಂತೆ. ಗಂಡಿನ ಕಡೆಯವರು ಬರುವುದಿಲ್ಲ ಅಂತ ಹೇಳಿ ಕಳಿಸಿದ್ದಾರೆ. “ನಿಮ್ಮ ಬಾಯಾಗ ಮಣ್ಣ ಬೀಳಲಿ. ಕೇಳೂ ಹೊತ್ತಿನ್ಯಾಗ ಕೇಳಲಿಲ್ಲ, ಮುಚ್ಚೂ ಹೊತ್ತಿನ್ಯಾಗ ಮುಚ್ಚಲಿಲ್ಲ. ಉಂಡಿ ಗಿಂಡಿ ಅಂತ ಇನ್ನ ದಾರಿ ಕಾಯಬ್ಯಾಡ್ರಿ.” ನಡುವೆ ಹೊಲಿಗೆ ಎಳೆದಿರಬೇಕು, “ಎವ್ವಾ” ಅಂತ ನಿಂತಳು. ಮತ್ತೆ ಹಿಡಿದಳು. ಬೈಯಲಿಕ್ಕೆ ಉಸಿರು ಬೇಕು. ಅವಳ ಹತ್ತಿರ ಬೇಕಾದಷ್ಟು ಇತ್ತು.